ನಡೆದು ನಿಲ್ಲುವ ಕಾಲು: ಅಪಧಮನಿ ರೋಗದ ಚರಿತ್ರೆಯಲ್ಲಿ ನಡಿಗೆ ಮತ್ತು ನುಡಿ

ನಮ್ಮ ಜನಪದರು ದೂರವನ್ನು ಅಳೆಯುತ್ತಿದ್ದುದು ಕಾಲು ಮತ್ತು ಕೊರಳುಗಳಿಂದ. ಒಬ್ಬನು ಕೂಗಿದ್ದು ಇನ್ನೊಬ್ಬನಿಗೆ ಕೇಳಿಸುವಷ್ಟು ಅಂತರ ಕೂಗಳತೆಯಾಯಿತು. ಸುಮಾರು ಮೂರು ಮೈಲಿಯ ನಡಿಗೆ ಹರದಾರಿಯಾಯಿತು. ಅದಕ್ಕೂ ಮಿಗಿಲಾದುದು ಗಾವುದ. ಈ ಅಳತೆಗಳಲ್ಲಿ ನೆಲದೊಡನೆ ನಡೆಯುವವನ ದೇಹವೂ ಸೇರಿಕೊಂಡಿದೆ. ಹೊರೆ ಹೊತ್ತವನ ಹರದಾರಿ ಬರಿಗೈಯವನ ಹರದಾರಿಗಿಂತ ಉದ್ದವೆನ್ನುವುದು ನಡೆದು ಬದುಕಿದವರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಆಧುನಿಕ ವೈದ್ಯಶಾಸ್ತ್ರದಲ್ಲಿಯೂ ಇಂತಹ ದೇಹದ ಅಳತೆಯನ್ನೇ ಆಧಾರವಾಗಿಸಿಕೊಂಡು ಬೆಳೆದ ರೋಗಜ್ಞಾನವೊಂದಿದೆ. ರೋಗಿ ಎಷ್ಟು ದೂರ ನಡೆದ ಮೇಲೆ ನಿಲ್ಲುತ್ತಾನೆ, ಎಷ್ಟು ಹೊತ್ತು ನಿಂತ ಮೇಲೆ ಮತ್ತೆ ನಡೆಯುತ್ತಾನೆ ಎಂಬ ಎರಡು ಪ್ರಶ್ನೆಗಳ ಸುತ್ತ ಅದರ ಎರಡು ಶತಮಾನಗಳಿಗೆ ಹತ್ತಿರದ ಚರಿತ್ರೆ ಹೆಣೆದುಕೊಂಡಿದೆ. ಕಾಲಿಗೆ ರಕ್ತ ಒಯ್ಯುವ ಅಪಧಮನಿಗಳು ಕಿರಿದಾಗುವ ಈ ರೋಗವನ್ನು ವೈದ್ಯರು ಪೆರಿಫೆರಲ್ ಆರ್ಟೀರಿಯಲ್ ಡಿಸೀಸ್ ಎಂದು ಕರೆಯುತ್ತಾರೆ. ಪ್ರಸ್ತುತ ಲೇಖನದಲ್ಲಿ ಅದನ್ನು ಕಾಲಿನ ಅಪಧಮನಿ ರೋಗ ಎಂದು ಕರೆದು, ಅದರ ಚರಿತ್ರೆಯಲ್ಲಿ ನಡಿಗೆಗೂ ರೋಗಿಯ ನುಡಿಗೂ ದೊರೆತ ಸ್ಥಾನವನ್ನು ಪರಿಶೀಲಿಸಲಾಗಿದೆ. ಜಾನಪದ ವಿದ್ವಾಂಸನಿಗೆ ಇಲ್ಲೇನು ಕೆಲಸ ಎಂದು ಕೇಳಬಹುದು. ರಕ್ತದೊತ್ತಡದ ಪಟ್ಟಿ, ಕ್ಷಕಿರಣ, ಶ್ರವಣಾತೀತ ಧ್ವನಿಯ ಯಂತ್ರಗಳು ಬರುವ ಮುನ್ನ ಈ ರೋಗಕ್ಕೆ ಇದ್ದ ಮುಖ್ಯ ಸಾಕ್ಷ್ಯವೆಂದರೆ ರೋಗಿ ಬಾಯಿಬಿಟ್ಟು ಹೇಳಿದ ಮಾತು. ಮೌಖಿಕ ಕಥನವನ್ನು ಹೇಗೆ ಕೇಳಿಸಿಕೊಳ್ಳಬೇಕೆಂಬುದು ನಮ್ಮ ಶಾಸ್ತ್ರದ ಮೂಲಪ್ರಶ್ನೆಯೇ ಆಗಿದೆ.

ರೋಗದ ಸ್ವರೂಪವನ್ನು ಮೊದಲು ಸಂಕ್ಷೇಪವಾಗಿ ಹೇಳಬೇಕು. ಅಪಧಮನಿಯ ಒಳಗೋಡೆಯಲ್ಲಿ ಕೊಬ್ಬು ಮತ್ತು ಸುಣ್ಣದಂಶ ಕೂಡಿಕೊಂಡು ದಾರಿ ಕಿರಿದಾಗುತ್ತದೆ. ಕುಳಿತಾಗ ಸಾಕಾಗುವಷ್ಟು ರಕ್ತ ನಡೆಯುವಾಗ ಸಾಲದಾಗುತ್ತದೆ. ದುಡಿಯುವ ಮೀನಖಂಡಕ್ಕೆ ಪ್ರಾಣವಾಯು ಕೊರತೆಯಾಗಿ ನೋವು ಏಳುತ್ತದೆ. ನಿಂತರೆ ಕೆಲವೇ ನಿಮಿಷಗಳಲ್ಲಿ ಅದು ಇಳಿಯುತ್ತದೆ. ನಡೆದರೆ ಹೆಚ್ಚುಕಡಮೆ ಅಷ್ಟೇ ದೂರದಲ್ಲಿ ಮತ್ತೆ ಏಳುತ್ತದೆ. ಹೊಗೆಸೊಪ್ಪು, ಮಧುಮೇಹ, ಏರಿದ ರಕ್ತದೊತ್ತಡ, ಏರಿದ ಕೊಲೆಸ್ಟರಾಲ್ ಮತ್ತು ವಯಸ್ಸು ಇದರ ಮುಖ್ಯ ಕಾರಣಗಳು. ಕಣಕಾಲಿನ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡದಿಂದ ಭಾಗಿಸಿದಾಗ 0.90 ಅಥವಾ ಅದಕ್ಕಿಂತ ಕಡಮೆ ಬಂದರೆ ರೋಗವಿದೆಯೆಂದು ತಿಳಿಯುತ್ತಾರೆ. 2010ರಲ್ಲಿ ಜಗತ್ತಿನಾದ್ಯಂತ ಸುಮಾರು 20 ಕೋಟಿ ಜನರಿಗೆ ಈ ರೋಗವಿತ್ತೆಂದು 2013ರ ಒಂದು ಸಮಗ್ರ ಅಧ್ಯಯನ ಅಂದಾಜು ಮಾಡಿತು. ನಮ್ಮ ನೆರೆಯ ಚೆನ್ನೈ ನಗರದ ಜನರಲ್ಲಿ ನಡೆದು 2000ದಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಒಟ್ಟು ಪ್ರಮಾಣ ಶೇ. 3.2 ಇದ್ದರೆ ಮಧುಮೇಹಿಗಳಲ್ಲಿ ಶೇ. 6.3 ಇತ್ತು. ಕಾಲು ಕಳೆದುಕೊಳ್ಳುವ ಭಯ ಎಲ್ಲರಿಗೂ ಇರುವುದು ಸಹಜ. ಆದರೆ ನಡೆದಾಗಷ್ಟೇ ನೋಯುವವರಲ್ಲಿ ಬಹುಪಾಲು ಜನರ ಕಾಲು ಉಳಿಯುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಹೃದಯಾಘಾತ ಮತ್ತು ಪಾರ್ಶ್ವವಾಯುಗಳದು. ಏಕೆಂದರೆ ಕಾಲಿನಲ್ಲಿ ಕಿರಿದಾದ ನಾಳ ಎದೆಯಲ್ಲಿಯೂ ಮಿದುಳಿನಲ್ಲಿಯೂ ಕಿರಿದಾಗಿರುವ ಸಂಭವ ಹೆಚ್ಚು.

ಈ ರೋಗದ ಚರಿತ್ರೆ ಆರಂಭವಾಗುವುದು ಮನುಷ್ಯನಿಂದಲ್ಲ, ಕುದುರೆಯಿಂದ. 1831ರಲ್ಲಿ ಫ್ರಾನ್ಸಿನ ಪಶುವೈದ್ಯ ಝಾನ್ ಫ್ರಾನ್ಸ್ವಾ ಬೂಲೆ ಎಂಬಾತ ಗಾಡಿ ಎಳೆಯುವ ಕುದುರೆಯೊಂದರ ವಿಚಿತ್ರ ಕುಂಟನ್ನು ವರ್ಣಿಸಿದ. ಲಾಯದಿಂದ ಹೊರಟಾಗ ಕುದುರೆ ಸರಿಯಾಗಿಯೇ ಇರುತ್ತಿತ್ತು. ಸ್ವಲ್ಪ ದೂರ ಓಡಿದ ಮೇಲೆ ಹಿಂಗಾಲು ಸೋಲುತ್ತಿತ್ತು. ನಿಲ್ಲಿಸಿದರೆ ಮತ್ತೆ ಸರಿಹೋಗುತ್ತಿತ್ತು. ಸತ್ತ ಮೇಲೆ ಸೀಳಿ ನೋಡಿದಾಗ ತೊಡೆಯ ಅಪಧಮನಿಗಳು ಕಟ್ಟಿಕೊಂಡಿದ್ದುದು ತಿಳಿಯಿತು. 1846ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಬೆಂಜಮಿನ್ ಬ್ರೋಡಿ ಇಂಥದೇ ಲಕ್ಷಣವನ್ನು ಮನುಷ್ಯನಲ್ಲಿ ಗುರುತಿಸಿದ. 1858ರಲ್ಲಿ ಪ್ಯಾರಿಸ್ಸಿನ ಝಾನ್ ಮಾರ್ತಿನ್ ಶಾರ್ಕೋ, ಹಿಂದೆ ಗುಂಡೇಟು ತಿಂದಿದ್ದ ರೋಗಿಯೊಬ್ಬನಲ್ಲಿ ಅದನ್ನು ಕಂಡು, ಪಶುವೈದ್ಯರ ಬರಹಗಳೊಡನೆ ಹೋಲಿಸಿ, ಬಿಟ್ಟು ಬಿಟ್ಟು ಬರುವ ಕುಂಟು ಎಂಬ ಅರ್ಥದ ಕುದುರೆಯ ಹೆಸರನ್ನೇ ಮನುಷ್ಯನಿಗೂ ಇಟ್ಟ. ಮುಂದೆ ನರರೋಗಗಳ ಅಧ್ಯಯನಕ್ಕಾಗಿ ಲೋಕಪ್ರಸಿದ್ಧನಾದ ಶಾರ್ಕೋ ಆಗಿನ್ನೂ ಮೂವತ್ತರ ಹರೆಯದವನು. ಮನುಷ್ಯರ ವೈದ್ಯನೊಬ್ಬ ಪಶುವೈದ್ಯರ ಬರಹವನ್ನು ಓದಿ ಅದರಿಂದ ಕಲಿತನೆಂಬುದು ಆ ಕಾಲಕ್ಕೆ ಸಣ್ಣ ವಿಷಯವಲ್ಲ.

ಹೆಸರಿನ ಈ ವಲಸೆ ಗಮನಾರ್ಹವಾದುದು. ಕುದುರೆ ತನ್ನ ನೋವನ್ನು ಹೇಳಲಾರದು. ಗಾಡಿಯವನಿಗೆ ಕಾಣುವುದು ಕುಂಟು ಮಾತ್ರ. ಕುಂಟು ಎಂಬ ಅರ್ಥದ ಲ್ಯಾಟಿನ್ ಮೂಲದ ಪದ ನೋಡುವವನ ಪದವೇ ಹೊರತು ಅನುಭವಿಸುವವನದಲ್ಲ. ಮನುಷ್ಯನಿಗೆ ಈ ರೋಗ ಬಂದಾಗ ಆತ ಸಾಮಾನ್ಯವಾಗಿ ಕುಂಟುವುದಕ್ಕಿಂತ ಹೆಚ್ಚಾಗಿ ನಿಲ್ಲುತ್ತಾನೆ. ಆದರೂ ಶಾಸ್ತ್ರದ ಭಾಷೆಯಲ್ಲಿ ಗಾಡಿಯವನ ದೃಷ್ಟಿಯೇ ಉಳಿದುಕೊಂಡಿತು. ಯುರೋಪಿನ ಜನರ ಆಡುಮಾತು ಬೇರೆ ದಾರಿ ಹಿಡಿಯಿತು. ಜರ್ಮನಿಯಲ್ಲಿ ಇದಕ್ಕೆ ಶೌಫೆನ್‌ಸ್ಟರ್‌ಕ್ರಾಂಕ್‌ಹೈಟ್, ಅಂದರೆ ಅಂಗಡಿ ಕಿಟಕಿಯ ಕಾಯಿಲೆ ಎಂಬ ಹೆಸರಿದೆ. ಡಚ್ಚರು ಎತಲಾಜೆಬೇನೆನ್, ಅಂಗಡಿ ಕಿಟಕಿಯ ಕಾಲುಗಳು ಎನ್ನುತ್ತಾರೆ. ಪೇಟೆಬೀದಿಯಲ್ಲಿ ನಡೆಯುವ ರೋಗಿ ಮೀನಖಂಡ ಹಿಡಿದುಕೊಂಡಾಗ ನಾಲ್ಕು ಜನರ ಮುಂದೆ ನಿಲ್ಲಲು ನಾಚಿ, ಅಂಗಡಿಯ ಗಾಜಿನೊಳಗಿನ ಸರಕನ್ನು ನೋಡುವವನಂತೆ ನಟಿಸುತ್ತಾನೆ. ನೋವು ಇಳಿದ ಮೇಲೆ ಮುಂದಿನ ಅಂಗಡಿಗೆ ಹೋಗುತ್ತಾನೆ. ಒಂದೇ ಪದದಲ್ಲಿ ರೋಗದ ಲಕ್ಷಣ, ನಗರದ ಬೀದಿ ಮತ್ತು ರೋಗಿಯ ಮರ್ಯಾದೆ ಮೂರೂ ಅಡಗಿವೆ. ಜರ್ಮನ್ನರಲ್ಲಿಯೇ ರೌಖರ್‌ಬೈನ್, ಹೊಗೆ ಸೇದುವವನ ಕಾಲು ಎಂಬ ಇನ್ನೊಂದು ಹೆಸರು ಕಾರಣವನ್ನೇ ಎತ್ತಿ ಹೇಳುತ್ತದೆ. ಜನರ ನಾಮಕರಣ ಶಕ್ತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆಗಳು ವೈದ್ಯಕೀಯದಲ್ಲಿ ವಿರಳವೆಂದೇ ನನ್ನ ಭಾವನೆ.

ಅಂಗಡಿ ಕಿಟಕಿಗಳಿಲ್ಲದ ನಮ್ಮ ಹಳ್ಳಿಗಳಲ್ಲಿ ನಿಲ್ಲುವವನಿಗೆ ನೆಪಗಳ ಕೊರತೆಯೇನೂ ಇಲ್ಲ. ಅರಳಿಕಟ್ಟೆಯಿದೆ, ಎದುರಾದವರೊಡನೆ ಆಡಬೇಕಾದ ಮಳೆಬೆಳೆಯ ಮಾತಿದೆ, ಪರಿಚಿತರ ಮನೆಯ ಜಗಲಿಯಿದೆ. ಬೀಡಿ ಹಚ್ಚುವುದೂ ನಿಲ್ಲಲು ಒಂದು ಗೌರವಯುತವಾದ ನೆಪವೇ. ಈ ಕೊನೆಯ ನೆಪದಲ್ಲಿರುವ ವಿಪರ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಗೆಸೊಪ್ಪಿಗೂ ಕಾಲಿನ ರಕ್ತನಾಳಕ್ಕೂ ಇರುವ ಸಂಬಂಧವನ್ನು ಹೈಡೆಲ್‌ಬರ್ಗಿನ ನರವೈದ್ಯ ವಿಲ್ಹೆಲ್ಮ್ ಎರ್ಬ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಎತ್ತಿ ತೋರಿಸಿದ್ದ. 1908ರಲ್ಲಿ ನ್ಯೂಯಾರ್ಕಿನ ಲಿಯೋ ಬರ್ಗರ್ ಯುವಕರ ಕೈಕಾಲುಗಳ ಸಣ್ಣ ರಕ್ತನಾಳಗಳು ಉರಿಯೂತದಿಂದ ಮುಚ್ಚಿಹೋಗುವ ಇನ್ನೊಂದು ರೋಗವನ್ನು ವಿವರವಾಗಿ ವರ್ಣಿಸಿದ. ಅವನ ಹೆಸರಿನಿಂದಲೇ ಪ್ರಸಿದ್ಧವಾದ ಆ ರೋಗ ಕೊಬ್ಬು ಕಟ್ಟಿ ಬರುವ ರೋಗಕ್ಕಿಂತ ಬೇರೆಯಾದರೂ ಹೊಗೆಸೊಪ್ಪಿನೊಡನೆ ಅದರ ನಂಟು ಬಿಡಿಸಲಾಗದ್ದು. ಸೇದುವುದನ್ನು ಪೂರ್ತಿಯಾಗಿ ಬಿಡುವುದೇ ಅದರ ಚಿಕಿತ್ಸೆಯ ತಳಹದಿ. ಭಾರತದಲ್ಲಿ ಅದು ಹೆಚ್ಚಾಗಿ ಕಂಡುಬಂದಿರುವುದು ಬೀಡಿ ಸೇದುವ ಬಡವರಲ್ಲಿ. ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಹೆಂಗಸರು ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟಿ ಸಂಸಾರ ತೂಗಿದ್ದನ್ನು ಬಲ್ಲವರಿಗೆ, ಒಂದು ಮನೆಯ ಅನ್ನ ಇನ್ನೊಂದು ಮನೆಯ ಕಾಲಿಗೆ ಮುಳುವಾಗುವ ಈ ಸಂಬಂಧ ಸುಲಭವಾಗಿ ತೀರ್ಪು ಹೇಳಲು ಬಿಡುವುದಿಲ್ಲ.

ಇನ್ನು ಚಿಕಿತ್ಸೆಯ ಚರಿತ್ರೆ. ನಡೆದರೆ ನೋಯುವ ಕಾಲಿಗೆ ವಿಶ್ರಾಂತಿ ಕೊಡಬೇಕೆಂಬುದು ಲೋಕರೂಢಿಯ ತರ್ಕ. ವೈದ್ಯರಲ್ಲಿಯೂ ಬಹುಕಾಲ ಅದೇ ಪ್ರಬಲವಾಗಿತ್ತು. ಅದಕ್ಕೆ ವಿರುದ್ಧವಾದ ಸೂಚನೆಯನ್ನು, ಅಂದರೆ ನಡಿಗೆಯೇ ಚಿಕಿತ್ಸೆಯಾಗಬಹುದೆಂಬ ಮಾತನ್ನು, 1898ರ ಎರ್ಬನ ಬರಹದಲ್ಲಿ ವೈದ್ಯಚರಿತ್ರೆಯನ್ನು ಬರೆದವರು ಗುರುತಿಸುತ್ತಾರೆ. ಆದರೆ ಆ ಮಾತು ಬೇರೂರಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. 1957ರಲ್ಲಿ ಅಮೆರಿಕದ ವಿಲಿಯಂ ಫೋಲೆ ಕೊಳೆತ ಹತ್ತಿದ ಕಾಲುಗಳಿಗೂ ನಡಿಗೆಯ ಚಿಕಿತ್ಸೆಯನ್ನು ಕುರಿತು ಬರೆದ. 1966ರಲ್ಲಿ ಡೆನ್ಮಾರ್ಕಿನ ಲಾರ್ಸೆನ್ ಮತ್ತು ಲಾಸೆನ್ ಎಂಬಿಬ್ಬರು ಒಂದು ಸಣ್ಣ ಪ್ರಯೋಗ ಮಾಡಿದರು. ರೋಗಿಗಳು ಕೇವಲ 14 ಮಂದಿ. ಕೆಲವರಿಗೆ ದಿನನಿತ್ಯದ ನಡಿಗೆಯ ಅಭ್ಯಾಸ, ಉಳಿದವರಿಗೆ ಔಷಧಗುಣವಿಲ್ಲದ ಮಾತ್ರೆ. ನಡೆದವರ ನಡಿಗೆಯ ದೂರ ಹೆಚ್ಚಿತು. ಇಷ್ಟು ಸಣ್ಣ ಗುಂಪಿನ ಮೇಲೆ ನಡೆದ ಪ್ರಯೋಗ ಒಂದು ಇಡೀ ಚಿಕಿತ್ಸಾಕ್ರಮದ ದಿಕ್ಕನ್ನು ತಿರುಗಿಸಿತೆಂಬುದು ಆಶ್ಚರ್ಯದ ಸಂಗತಿಯಾದರೂ, ಮುಂದಿನ ಪ್ರಯೋಗಗಳು ಅದನ್ನು ಸಮರ್ಥಿಸಿದವು. 1995ರಲ್ಲಿ ಗಾರ್ಡ್ನರ್ ಮತ್ತು ಪೋಲ್‌ಮನ್ ಅಲ್ಲಿಯವರೆಗಿನ 21 ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, ನೋವು ಏಳುವವರೆಗಿನ ದೂರ ಸರಾಸರಿ 126 ಮೀಟರಿನಿಂದ 351 ಮೀಟರಿಗೂ, ನಡೆಯಲು ಸಾಧ್ಯವಾಗುವ ಗರಿಷ್ಠ ದೂರ 326ರಿಂದ 723 ಮೀಟರಿಗೂ ಏರಿದ್ದು ಕಂಡುಬಂತು. ನೋವು ಹೆಚ್ಚುಕಡಮೆ ತಡೆಯಲಾಗದಷ್ಟಾಗುವವರೆಗೆ ನಡೆದವರಿಗೆ ಹೆಚ್ಚು ಗುಣವಾಗಿತ್ತು ಎಂಬುದೂ ಅದೇ ಲೆಕ್ಕದಿಂದ ತಿಳಿಯಿತು.

ಈ ನಡುವೆ 1988ರಲ್ಲಿ ಬ್ರಿಟನ್ನಿನ ವೈದ್ಯ ಹೌಸ್ಲಿ ಈ ರೋಗದ ಚಿಕಿತ್ಸೆಯನ್ನು ಐದು ಪದಗಳಲ್ಲಿ ಹೇಳಬಹುದೆಂದು ಒಂದು ಪುಟ್ಟ ಲೇಖನ ಬರೆದ: ಸೇದುವುದನ್ನು ನಿಲ್ಲಿಸು, ನಡೆಯುವುದನ್ನು ಮುಂದುವರಿಸು ಎಂಬುದು ಅದರ ಸಾರ. ನಿಲ್ಲಿಸುವುದು ಮತ್ತು ನಿಲ್ಲಿಸದಿರುವುದು ಎಂಬ ಎರಡು ವಿಧಿಗಳನ್ನು ಎದುರುಬದುರಾಗಿ ಕೂರಿಸಿದ ಈ ರಚನೆ ನಮ್ಮ ಗಾದೆಗಳ ರಚನೆಯನ್ನೇ ಹೋಲುತ್ತದೆ. ವೈದ್ಯಕೀಯ ಪತ್ರಿಕೆಯ ಲೇಖನವೊಂದು ಗಾದೆಯಂತೆ ಬಾಯಿಂದ ಬಾಯಿಗೆ ಹರಡಿದ್ದು ಅದರ ಸತ್ಯದಿಂದ ಎಷ್ಟೋ, ಆಕಾರದಿಂದಲೂ ಅಷ್ಟೇ.

ನಡಿಗೆಯಿಂದ ಗುಣವಾಗುವುದು ಹೇಗೆ ಎಂಬ ಪ್ರಶ್ನೆಗೆ ಬಹುಕಾಲ ಕೊಡುತ್ತಿದ್ದ ಉತ್ತರ, ಮುಚ್ಚಿದ ದಾರಿಯ ಪಕ್ಕದಲ್ಲಿ ಹೊಸ ಕವಲುದಾರಿಗಳು ಬೆಳೆಯುತ್ತವೆ ಎಂಬುದು. ಈ ಕವಲುನಾಳಗಳ ವಿಚಾರದಲ್ಲಿ ಒಂದು ಸೊಗಸಾದ ಐತಿಹ್ಯವಿದೆ. ಹದಿನೆಂಟನೆಯ ಶತಮಾನದ ಲಂಡನ್ನಿನ ಜಾನ್ ಹಂಟರ್, ರಿಚ್ಮಂಡ್ ಉದ್ಯಾನದ ಒಂದು ಗಂಡುಜಿಂಕೆಯ ಕೊಂಬಿಗೆ ರಕ್ತ ಹರಿಸುವ ನಾಳವನ್ನು ಕಟ್ಟಿದನಂತೆ. ತಣ್ಣಗಾದ ಕೊಂಬು ಕೆಲವು ದಿನಗಳಲ್ಲಿ ಮತ್ತೆ ಬೆಚ್ಚಗಾಯಿತಂತೆ. ಅದರಿಂದ ಕವಲುನಾಳಗಳ ಶಕ್ತಿಯನ್ನು ಅರಿತು, 1785ರಲ್ಲಿ ಗಾಡಿ ಹೊಡೆಯುವವನೊಬ್ಬನ ಮಂಡಿಯ ಹಿಂದಿನ ನಾಳದ ಗಂಟಿಗೆ ತೊಡೆಯಲ್ಲಿಯೇ ಅಪಧಮನಿಯನ್ನು ಕಟ್ಟಿ ಕಾಲು ಉಳಿಸಿದನಂತೆ. ಶಸ್ತ್ರಚಿಕಿತ್ಸೆ ಐತಿಹಾಸಿಕ ಸತ್ಯ. ಜಿಂಕೆಯ ಕಥೆಯನ್ನು ಇತಿಹಾಸಕಾರರು ಒಪ್ಪುವುದಿಲ್ಲ. ಶೋಧನೆಗೆ ಒಂದು ಮೃಗವನ್ನು ದಾರಿತೋರುಕವಾಗಿ ತರುವ ಆಶಯ ನಮ್ಮ ಕಥೆಗಳಲ್ಲಿಯೂ ಹೇರಳವಾಗಿದೆ. ಹೇಗೂ ಇರಲಿ, ಕವಲುನಾಳಗಳ ವಿವರಣೆ ಇಂದು ಸಾಲದೆಂದು ತಿಳಿದಿದೆ. ತಿಂಗಳುಗಟ್ಟಲೆ ನಡೆದು ಅಭ್ಯಾಸ ಮಾಡಿದವರ ಕಣಕಾಲಿನ ರಕ್ತದೊತ್ತಡ ಅಷ್ಟಾಗಿ ಬದಲಾಗುವುದಿಲ್ಲ. ನಡಿಗೆಯ ದೂರ ಮಾತ್ರ ಹೆಚ್ಚುತ್ತದೆ. ಸ್ನಾಯು ಬಂದಷ್ಟೇ ಪ್ರಾಣವಾಯುವನ್ನು ಹೆಚ್ಚು ಜಾಣತನದಿಂದ ಬಳಸಲು ಕಲಿಯುತ್ತದೆ, ನಾಳದ ಒಳಪದರ ಹಿಗ್ಗುವ ಗುಣವನ್ನು ಪಡೆಯುತ್ತದೆ, ನಡೆಯುವ ರೀತಿಯೂ ಹದಗೊಳ್ಳುತ್ತದೆ. ಬರಗಾಲದಲ್ಲಿ ಸಂಸಾರ ತೂಗಿಸುವ ಗೃಹಿಣಿಯ ಕಾರ್ಯಕ್ಕೆ ಇದನ್ನು ಹೋಲಿಸಬಹುದು: ಕಣಜ ತುಂಬಿಲ್ಲ, ಆದರೂ ಒಲೆ ಉರಿಯುತ್ತಿದೆ.

ನಡಿಗೆಯನ್ನು ಅಳೆಯುವ ಸಾಧನಗಳ ಚರಿತ್ರೆಯೂ ಕುತೂಹಲಕರ. 1954ರಲ್ಲಿ ಫ್ರಾನ್ಸಿನ ರೆನೆ ಫಾಂಟೇನ್ ರೋಗವನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದ: ಲಕ್ಷಣವಿಲ್ಲದ್ದು, ನಡೆದಾಗ ನೋಯುವುದು, ಸುಮ್ಮನಿದ್ದಾಗಲೂ ನೋಯುವುದು, ಹುಣ್ಣಾಗಿ ಕೊಳೆಯುವುದು. ಎರಡನೆಯ ಹಂತವನ್ನು 200 ಮೀಟರಿನ ಗೆರೆಯಿಂದ ಮತ್ತೆ ಎರಡಾಗಿ ಒಡೆಯುವ ರೂಢಿಯೂ ಇದೆ. ಒಂದು ಕೂಗಿಗೆ ಸಿಕ್ಕುವಷ್ಟು ಅಂತರವನ್ನು ನಡೆಯಬಲ್ಲವನು ಗೆರೆಯ ಒಂದು ಕಡೆ, ನಡೆಯಲಾರದವನು ಇನ್ನೊಂದು ಕಡೆ. ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಕೆಯಾದದ್ದು ಟ್ರೆಡ್‌ಮಿಲ್. ಇದರ ಹೆಸರಿನ ಹಿಂದೆ ಕರಾಳವಾದ ಕಥೆಯಿದೆ. 1818ರ ಸುಮಾರಿಗೆ ಇಂಗ್ಲೆಂಡಿನ ವಿಲಿಯಂ ಕ್ಯೂಬಿಟ್ ರೂಪಿಸಿದ ತುಳಿಚಕ್ರ ಸೆರೆಮನೆಯ ಕೈದಿಗಳನ್ನು ದುಡಿಸುವ ಯಂತ್ರವಾಗಿತ್ತು. ಮೆಟ್ಟಿಲ ಮೇಲೆ ಮೆಟ್ಟಿಲು ಹತ್ತುತ್ತಿದ್ದರೂ ಕೈದಿ ಇದ್ದಲ್ಲಿಯೇ ಇರುತ್ತಿದ್ದ. ನಮ್ಮಲ್ಲಿ ಏತದ ಮರದ ಮೇಲೆ ಹಿಂದೆಮುಂದೆ ನಡೆಯುತ್ತಿದ್ದವನೂ ಎಲ್ಲಿಗೂ ತಲುಪುತ್ತಿರಲಿಲ್ಲ, ಆದರೆ ಅವನ ಪ್ರತಿ ನಡಿಗೆಗೆ ಬಾವಿಯಿಂದ ಒಂದು ಬಾನಿ ನೀರು ಮೇಲೆ ಬರುತ್ತಿತ್ತು, ಜೊತೆಗೆ ಏತದ ಹಾಡೂ ಇತ್ತು. ಯಂತ್ರದ ಮೇಲೆ ಕೈಪಿಡಿ ಹಿಡಿದು ನಡೆಯುವುದು ನಿಜವಾದ ನಡಿಗೆಯನ್ನು ಪೂರ್ಣವಾಗಿ ಪ್ರತಿನಿಧಿಸುವುದಿಲ್ಲವೆಂಬ ಆಕ್ಷೇಪ ವೈದ್ಯರಲ್ಲಿಯೇ ಇದೆ. ಆದುದರಿಂದ ಈಚಿನ ಅಧ್ಯಯನಗಳಲ್ಲಿ ಆರು ನಿಮಿಷದ ನಡಿಗೆಯ ಪರೀಕ್ಷೆಗೆ ಮಹತ್ವ ಬಂದಿದೆ. ಸುಮಾರು 30 ಮೀಟರ್ ಉದ್ದದ ಓಣಿಯಲ್ಲಿ ರೋಗಿ ತನಗೆ ತೋಚಿದ ವೇಗದಲ್ಲಿ ಹೋಗಿಬರುತ್ತಾನೆ, ಬೇಕಾದಲ್ಲಿ ನಿಲ್ಲುತ್ತಾನೆ, ಆರು ನಿಮಿಷದಲ್ಲಿ ಕ್ರಮಿಸಿದ ದೂರವನ್ನು ಬರೆದುಕೊಳ್ಳುತ್ತಾರೆ. ನಿಲ್ಲುವುದು ಇಲ್ಲಿ ಸೋಲಲ್ಲ, ಪರೀಕ್ಷೆಯ ಭಾಗ.

ಯಂತ್ರಗಳಿಂದ ಮಾತಿಗೆ ಬರೋಣ. 1962ರಲ್ಲಿ ಲಂಡನ್ನಿನ ಜೆಫ್ರಿ ರೋಸ್ ಜನಸಮುದಾಯದ ಸಮೀಕ್ಷೆಗೆಂದು ಒಂದು ಪ್ರಶ್ನಾವಳಿಯನ್ನು ರೂಪಿಸಿದ. ನೋವು ಮೀನಖಂಡದಲ್ಲಿ ಬರಬೇಕು, ನಡೆದಾಗ ಬರಬೇಕು, ಕುಳಿತಾಗ ಬರಬಾರದು, ನಡೆಯುತ್ತಿರುವಂತೆಯೇ ಮಾಯವಾಗಬಾರದು, ನಿಂತರೆ ಹತ್ತು ನಿಮಿಷದೊಳಗೆ ಹೋಗಬೇಕು. ಇಷ್ಟಕ್ಕೂ ಹೊಂದಿದರೆ ಮಾತ್ರ ರೋಗಲಕ್ಷಣವೆಂದು ಎಣಿಕೆ. 1992ರಲ್ಲಿ ಎಡಿನ್‌ಬರೋದ ಸಂಶೋಧಕರು ಇದನ್ನು ತಿದ್ದಿ ಉತ್ತಮಪಡಿಸಿದರು. ಆದರೆ 2001ರಲ್ಲಿ ಷಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಮೇರಿ ಮ್ಯಾಕ್‌ಡರ್ಮಟ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ, ಅಪಧಮನಿ ರೋಗವಿರುವವರಲ್ಲಿ ಸುಮಾರು ಮೂರನೆಯ ಒಂದು ಭಾಗದವರು ಮಾತ್ರ ಈ ಶುದ್ಧ ಲಕ್ಷಣವನ್ನು ಹೇಳುತ್ತಾರೆಂದು ತೋರಿಸಿತು. ಉಳಿದವರು ಬೇರೆ ಬಗೆಯ ನೋವನ್ನು ಹೇಳುತ್ತಾರೆ ಅಥವಾ ಏನೂ ಹೇಳುವುದಿಲ್ಲ.

ಜಾನಪದ ಕಥೆಗಳ ವರ್ಗೀಕರಣದಲ್ಲಿ ಕೈಯಾಡಿಸಿದವರಿಗೆ ಈ ಸ್ಥಿತಿ ಹೊಸದಲ್ಲ. ಸೂಚಿಯಲ್ಲಿ ಮುದ್ರಿತವಾದ ಮಾದರಿಯೊಂದಿರುತ್ತದೆ; ಹೇಳುವವರ ಬಾಯಲ್ಲಿ ಇರುವುದೆಲ್ಲ ಪಾಠಾಂತರ. ಮಾದರಿಗೆ ಹೊಂದದ ಕಥೆಯನ್ನು ಕೆಟ್ಟ ಪಾಠವೆಂದು ಬಿಟ್ಟುಬಿಡುತ್ತಿದ್ದ ಕಾಲವೊಂದು ನಮ್ಮಲ್ಲಿಯೂ ಇತ್ತು. ಶಾರ್ಕೋವಿನಿಂದ ರೋಸ್‌ವರೆಗೆ ಬೆಳೆದುಬಂದ ಶುದ್ಧ ಲಕ್ಷಣವೂ ಒಂದು ಮಾದರಿ ಕಥೆಯೇ ಆಗಿದೆ. ಅದನ್ನೇ ಹಿಡಿದು ಕುಳಿತರೆ ಮೂವರಲ್ಲಿ ಇಬ್ಬರ ಕಥೆ ದಾಖಲಾಗುವುದಿಲ್ಲ.

ಏನೂ ಹೇಳದವರ ವಿಷಯ ಇನ್ನೂ ಸೂಕ್ಷ್ಮವಾದುದು. ನೋವು ಬರುವ ದೂರವನ್ನು ದೇಹ ಅರಿತುಕೊಂಡ ಮೇಲೆ ಮನುಷ್ಯ ಆ ದೂರವನ್ನು ನಡೆಯುವುದನ್ನೇ ಬಿಡುತ್ತಾನೆ. ಸಂತೆಗೆ ಮಗನನ್ನು ಕಳುಹಿಸುತ್ತಾನೆ; ಹೊಲದ ಕಡೆ ಹೋಗುವುದು ತಪ್ಪುತ್ತದೆ; ಜಾತ್ರೆಯ ದಿನ ಮನೆ ಕಾಯುತ್ತಾನೆ. ಕಾಲು ನೋಯುತ್ತದೆಯೇ ಎಂದು ಕೇಳಿದರೆ ಇಲ್ಲವೆನ್ನುತ್ತಾನೆ, ಆ ಮಾತು ಸುಳ್ಳೂ ಅಲ್ಲ. ಮ್ಯಾಕ್‌ಡರ್ಮಟ್ ಅವರ 2004ರ ಅಧ್ಯಯನದಲ್ಲಿ, ನೋವಿಲ್ಲವೆಂದ ಇಂಥ ರೋಗಿಗಳ ನಡಿಗೆಯ ಶಕ್ತಿ ರೋಗವಿಲ್ಲದವರಿಗಿಂತ ವೇಗವಾಗಿ ಕುಂದಿದ್ದು ಕಂಡುಬಂತು. ವ್ಯಾಯಾಮಕ್ಕೆಂದು ವಾರಕ್ಕೆ ಮೂರು ಸಲವಾದರೂ ನಡೆದವರಲ್ಲಿ ಈ ಇಳಿತ ನಿಧಾನವಾಗಿತ್ತೆಂದು ಅವರ 2006ರ ಅಧ್ಯಯನ ತಿಳಿಸಿತು. ದಿನನಿತ್ಯದ ಓಡಾಟ ಹೆಚ್ಚಿದ್ದ ರೋಗಿಗಳಲ್ಲಿ ಸಾವಿನ ಪ್ರಮಾಣ ಕಡಮೆಯಿದ್ದುದೂ ಅದೇ ವರ್ಷ ವರದಿಯಾಯಿತು. ಇಂತಹ ಅಧ್ಯಯನಗಳಲ್ಲಿ ಓಡಾಡಲು ಶಕ್ತಿಯಿದ್ದವರೇ ಓಡಾಡಿರಬಹುದು ಎಂಬ ಸಂದೇಹಕ್ಕೆ ಎಡೆಯಿದೆ. ಪ್ರಯೋಗಗಳ ಫಲವನ್ನು ಜೊತೆಗಿಟ್ಟು ನೋಡಿದಾಗ ಮಾತ್ರ ಅವುಗಳ ಬೆಲೆ ತಿಳಿಯುತ್ತದೆ.

ಎಂತಹ ನಡಿಗೆ ಎಂಬುದೂ ಮುಖ್ಯ. 2021ರಲ್ಲಿ ಪ್ರಕಟವಾದ, 305 ರೋಗಿಗಳನ್ನು ಒಳಗೊಂಡ ಅಮೆರಿಕದ ಪ್ರಯೋಗವೊಂದರಲ್ಲಿ ಒಂದು ಗುಂಪು ಮನೆಯ ಸುತ್ತಮುತ್ತ ನೋವು ಬಾರದಂತೆ ನಿಧಾನವಾಗಿ ನಡೆಯಿತು, ಇನ್ನೊಂದು ಗುಂಪು ಕಾಲು ಹಿಡಿಯುವಷ್ಟು ಬಿರುಸಾಗಿ ನಡೆದು, ನಿಂತು, ಮತ್ತೆ ನಡೆಯಿತು. ಒಂದು ವರ್ಷದ ಮೇಲೆ ಬಿರುಸಾಗಿ ನಡೆದವರ ಆರು ನಿಮಿಷದ ದೂರ ಸುಮಾರು 34 ಮೀಟರ್ ಹೆಚ್ಚಿತ್ತು. ಹಿತವಾಗಿ ನಡೆದವರಿಗೆ ಪ್ರಯೋಜನವಾಗಲಿಲ್ಲ. ನೋವಿನೊಳಕ್ಕೆ ನಡೆದು ನಿಲ್ಲುವುದು, ನಿಂತು ಮತ್ತೆ ನಡೆಯುವುದು: ಚಿಕಿತ್ಸೆಯ ತಿರುಳು ಇದು. ನಾಳದೊಳಗೆ ಜಾಲರಿ ಕೊಳವೆ ಇಟ್ಟು ದಾರಿ ತೆರೆಯುವ ವಿಧಾನವನ್ನು ತಜ್ಞರ ಮೇಲ್ವಿಚಾರಣೆಯ ನಡಿಗೆಯೊಡನೆ ಹೋಲಿಸಿದ 2012ರ ಪ್ರಯೋಗದಲ್ಲಿ ಆರು ತಿಂಗಳ ಬಳಿಕ ನಡಿಗೆಯವರೇ ಯಂತ್ರದ ಮೇಲೆ ಹೆಚ್ಚು ಹೊತ್ತು ನಡೆದರು, ಆದರೆ ತಮ್ಮ ಬದುಕು ಹಗುರವಾಯಿತೆಂದು ಹೆಚ್ಚಾಗಿ ಹೇಳಿದವರು ಕೊಳವೆ ಇಟ್ಟವರು. ಎರಡು ಅಳತೆಗಳ ನಡುವಣ ಈ ಬಿರುಕನ್ನು ಮುಚ್ಚಿಡುವುದು ಸರಿಯಲ್ಲ. 2017ರಿಂದ ಅಮೆರಿಕದ ಸರ್ಕಾರಿ ವಿಮೆಯಾದ ಮೆಡಿಕೇರ್ 12 ವಾರಗಳಲ್ಲಿ 36 ಸರದಿಯವರೆಗಿನ ನಡಿಗೆಯ ತರಬೇತಿಯ ವೆಚ್ಚವನ್ನು ಭರಿಸುತ್ತಿದೆ. ಕಾಲಿನಲ್ಲಿ ಹುಣ್ಣಿದ್ದವರು, ಮಲಗಿದಾಗಲೂ ನೋಯುವವರು, ಎದೆನೋವಿದ್ದವರು ವೈದ್ಯರನ್ನು ಕಾಣದೆ ಇದಕ್ಕೆ ಕೈಹಾಕಬಾರದೆಂಬುದನ್ನೂ, ನಡಿಗೆ ಔಷಧಿಗಳಿಗೆ ಬದಲಿಯಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು.

ನಡೆದು ನಿಂತು ನಡೆಯುವ ಕ್ರಮಕ್ಕೆ ನಮ್ಮ ನಾಡಿನ ಹಳೆಯ ದಾರಿಗಳು ಏರ್ಪಾಡು ಮಾಡಿಕೊಂಡಿದ್ದವು. ಹೊರೆಗಲ್ಲುಗಳು ಇನ್ನೂ ಕೆಲವೆಡೆ ಉಳಿದಿವೆ: ಎರಡು ನಿಲುಗಲ್ಲುಗಳ ಮೇಲೆ ಒಂದು ಅಡ್ಡಗಲ್ಲು, ಒಂಟಿಯಾಗಿ ಬಂದವನು ಯಾರ ನೆರವೂ ಇಲ್ಲದೆ ತಲೆಹೊರೆಯನ್ನು ಇಳಿಸಿ ಮತ್ತೆ ಹೊರುವಷ್ಟು ಎತ್ತರದಲ್ಲಿ. ಅರವಟ್ಟಿಗೆ, ಸಾಲುಮರ, ಕಟ್ಟೆ, ಛತ್ರಗಳು ನಡಿಗೆಯನ್ನು ತುಂಡುತುಂಡಾಗಿ ಕಲ್ಪಿಸಿಕೊಂಡ ಸಮಾಜದ ಗುರುತುಗಳು. ಉತ್ತರ ಕರ್ನಾಟಕದಿಂದ ಯುಗಾದಿಯ ಹೊತ್ತಿಗೆ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುವ ಭಕ್ತರಿಗೆ ದಾರಿಯ ಊರುಗಳವರು ನೀರು, ಅನ್ನ, ನೆರಳು ಒದಗಿಸುವ ಪದ್ಧತಿ ಇಂದಿಗೂ ಇದೆ. ಇದರಿಂದ ನಮ್ಮ ಪೂರ್ವಿಕರು ಅಪಧಮನಿ ರೋಗದ ಚಿಕಿತ್ಸೆಯನ್ನು ಬಲ್ಲವರಾಗಿದ್ದರು ಎಂದು ಸಾರುವ ಉತ್ಸಾಹ ನಮ್ಮ ಕ್ಷೇತ್ರದಲ್ಲಿ ಕೆಲವರಿಗೆ ಬರಬಹುದು. ಅದಕ್ಕೆ ಆಧಾರವಿಲ್ಲ. ಹೊರೆಗಲ್ಲನ್ನು ನೆಟ್ಟದ್ದು ಹೊರೆಗಾಗಿ. ಕಾಲುನಡಿಗೆ ಬಹುಮಂದಿಗೆ ಬಡತನದ ಒತ್ತಾಯವಾಗಿತ್ತೇ ಹೊರತು ಆಯ್ಕೆಯಲ್ಲ. ಇಷ್ಟನ್ನು ಮಾತ್ರ ಹೇಳಬಹುದು: ನಡುವೆ ನಿಲ್ಲುವುದು ನಾಚಿಕೆಯ ವಿಷಯವಾಗದಂತೆ ಆ ದಾರಿಗಳು ನೋಡಿಕೊಂಡವು. ಜರ್ಮನಿಯ ರೋಗಿ ಅಂಗಡಿಯ ಗಾಜಿನಲ್ಲಿ ಹುಡುಕಿದ್ದೂ ಇದನ್ನೇ. ಇಂದು ಕಟ್ಟೆಗಳು ರಸ್ತೆ ಅಗಲೀಕರಣಕ್ಕೆ ಹೋಗುತ್ತಿವೆ. ನಗರಗಳಲ್ಲಿ ಕಾಲುದಾರಿಗಳಿದ್ದರೂ ಅವುಗಳ ಬದಿಯಲ್ಲಿ ಕೂರಲು ಒಂದು ಕಲ್ಲು ಬೆಂಚೂ ಸಿಗುವುದು ಕಷ್ಟ.

ಜರ್ಮನ್ನರ ಹೆಸರಿಗೆ ಸಮನಾದ ಒಂದು ನಿರ್ದಿಷ್ಟ ಪದ ಬಳಕೆಯ ಕನ್ನಡದಲ್ಲಿ ಇಲ್ಲದಿರುವುದು ದೊಡ್ಡ ಕೊರತೆ. ಹೆಸರಿಲ್ಲದ ರೋಗ ವಯಸ್ಸು, ವಾಯು, ನಿಶ್ಶಕ್ತಿ ಎಂಬ ದೊಡ್ಡ ಹೆಸರುಗಳ ಕೆಳಗೆ ಅಡಗಿಕೊಳ್ಳುತ್ತದೆ. ಆದರೆ ಕಾಲಿನ ಸಂಕಟಗಳನ್ನು ಬಿಡಿಬಿಡಿಯಾಗಿ ಹೇಳುವ ಮಾತುಗಳು ನಮ್ಮಲ್ಲಿ ಸಮೃದ್ಧವಾಗಿವೆ. ಕಾಲು ಸೋಲುತ್ತದೆ, ಹಿಡಿಯುತ್ತದೆ, ಸೆಳೆಯುತ್ತದೆ, ಹರಿಯುತ್ತದೆ, ಜೋಮು ಹತ್ತುತ್ತದೆ, ಮರಗಟ್ಟುತ್ತದೆ, ಉರಿಯುತ್ತದೆ, ಚುಮುಗುಡುತ್ತದೆ. ಮಧುಮೇಹದಿಂದ ನರ ಕೆಟ್ಟವನ ಉರಿ ಮತ್ತು ಜೋಮು, ರಕ್ತ ಸಾಲದವನ ಹಿಡಿತ ಮತ್ತು ಸೋಲು, ಮಂಡಿ ಸವೆದವಳ ನೋವು ಇವೆಲ್ಲ ಬೇರೆಬೇರೆ. ಆಸ್ಪತ್ರೆಯ ನಮೂನೆ ಇವೆಲ್ಲವನ್ನೂ ನೋವು ಎಂಬ ಒಂದೇ ಪದದಲ್ಲಿ ಕೇಳುತ್ತದೆ. ನೋವಿದೆಯೇ ಎಂಬ ಪ್ರಶ್ನೆಗೆ, ಕಾಲು ಸೋಲುವವನು ಪ್ರಾಮಾಣಿಕವಾಗಿಯೇ ಇಲ್ಲವೆಂದು ಉತ್ತರಿಸಬಹುದು. ಅವನ ಮಟ್ಟಿಗೆ ಸೋಲು ನೋವಲ್ಲ. ಇಂಗ್ಲಿಷಿನ ಪ್ರಶ್ನಾವಳಿಯನ್ನು ಪದಕ್ಕೆ ಪದವಿಟ್ಟು ಕನ್ನಡಿಸಿದರೆ ಇಂತಹ ಉತ್ತರಗಳೇ ಬರುತ್ತವೆ. ನಮ್ಮ ಜಿಲ್ಲೆಗಳಲ್ಲಿ ಯಾವ ಯಾವ ಪದ ಯಾವ ಸಂಕಟಕ್ಕೆ ಸಲ್ಲುತ್ತದೆಂಬ ಕ್ಷೇತ್ರಕಾರ್ಯವನ್ನು ಜಾನಪದ ವಿದ್ಯಾರ್ಥಿಗಳು ವೈದ್ಯರೊಡನೆ ಕೂಡಿ ಮಾಡಬಹುದಾಗಿದೆ. ಕೃಷಿ, ಮೀನುಗಾರಿಕೆಗಳ ವೃತ್ತಿಪದಗಳನ್ನು ಸಂಗ್ರಹಿಸಿದ ಶ್ರದ್ಧೆಯನ್ನೇ ಇಲ್ಲಿಯೂ ತೋರಬೇಕು.

ಅಂತಹ ಸಂಗ್ರಹದಲ್ಲಿ ಸಂಕಟ ಹೇಗೆ ಬಂತೆಂಬುದರಷ್ಟೇ ಹೇಗೆ ಹೋಯಿತೆಂಬುದನ್ನೂ ಕೇಳಬೇಕಾಗುತ್ತದೆ. 1954ರಲ್ಲಿ ಹಾಲೆಂಡಿನ ವೆರ್ಬೀಸ್ಟ್ ಎಂಬ ಶಸ್ತ್ರವೈದ್ಯ, ಸೊಂಟದ ಬೆನ್ನೆಲುಬಿನ ಕೊಳವೆ ಕಿರಿದಾಗಿ ನರಗಳು ಒತ್ತಿಕೊಂಡಾಗಲೂ ನಡೆಯುವವನ ಕಾಲು ಹೀಗೆಯೇ ಸೋಲುತ್ತದೆಂದು ವಿವರಿಸಿದ. ಹೊರನೋಟಕ್ಕೆ ಎರಡೂ ಒಂದೇ. ಚಿಕಿತ್ಸೆ ಮಾತ್ರ ಪೂರ್ತಿ ಬೇರೆ. ಇವೆರಡನ್ನು ಬೇರ್ಪಡಿಸಲು ಅನುಭವಿ ವೈದ್ಯರು ಮೊದಲು ಬಳಸುವುದು ಇಂದಿಗೂ ಒಂದು ಪ್ರಶ್ನೆಯನ್ನೇ. ರಕ್ತ ಸಾಲದ ಕಾಲಿನವನು ಬಯಲಲ್ಲಿ ನೆಟ್ಟಗೆ ನಿಂತರೂ ಕೆಲವು ನಿಮಿಷಗಳಲ್ಲಿ ಚೇತರಿಸಿಕೊಳ್ಳುತ್ತಾನೆ. ನರ ಒತ್ತಿಕೊಂಡವನಿಗೆ ನಿಂತರೆ ಸಾಲದು, ಕೂರಬೇಕು ಇಲ್ಲವೇ ಮುಂದಕ್ಕೆ ಬಾಗಬೇಕು. ಸೈಕಲ್ಲಿನ ಹ್ಯಾಂಡಲ್ ಹಿಡಿದು ಬಗ್ಗಿ ತಳ್ಳಿಕೊಂಡು ಹೋಗುವಾಗ ಆತ ಇನ್ನಷ್ಟು ದೂರ ನಡೆಯಬಲ್ಲ. ಒಬ್ಬನು ಹುಣಸೆಮರದ ಕೆಳಗೆ ಸುಮ್ಮನೆ ನಿಂತು ಮುಂದೆ ಹೊರಟನೇ, ಇಲ್ಲವೇ ಕಟ್ಟೆ ಸಿಗುವವರೆಗೆ ಕಾಲೆಳೆದುಕೊಂಡು ಹೋಗಿ ಕುಳಿತನೇ ಎಂಬುದನ್ನು ಅವನ ಊರಿನವರು ದಿನವೂ ಕಂಡಿರುತ್ತಾರೆ.